ನನ್ನ ಪೇಪರ್ ನಾನೇ ವಾಪಸ್ ತಗೊಂಡೆ: 13 ತಿಂಗಳ ಕಥೆ

2025ರ ಆಗಸ್ಟ್‌ನಲ್ಲಿ ನನ್ನ ಸಂಶೋಧನಾ ಪೇಪರಿನ ಪ್ರತಿ ಪುಟದ ಮೇಲೂ ಓರೆಯಾಗಿ ಕೆಂಪು ಅಕ್ಷರ ಬಿತ್ತು: ರಿಟ್ರ್ಯಾಕ್ಟೆಡ್, ಅಂದರೆ ಹಿಂಪಡೆದದ್ದು. ಕೇಳಿ ಹಾಕಿಸಿಕೊಂಡವಳು ನಾನೇ. ಅಷ್ಟು ಮಾಡಿಸೋಕೆ 13 ತಿಂಗಳು ಹಿಡಿಯಿತು. ಪೇಪರ್ ಅಚ್ಚಾಗೋಕೆ ಬರೀ ಐದು ತಿಂಗಳು ಹಿಡಿದಿತ್ತು, ನೋಡಿ.

ನಾನು ಬಯಲುಸೀಮೆಯ ಒಂದು ಪದವಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. 2022ರಲ್ಲಿ ನಮ್ಮ ತಾಲ್ಲೂಕಿನ 48 ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಒಂದು ಪೇಪರ್ ಬರೆದೆ. ಲೇಖಕರ ಹೆಸರು ನಾಲ್ಕು. ಮೊದಲನೆಯದು ನನ್ನದು. ಎರಡನೆಯದು ಸ್ಯಾಂಪಲ್ ಅಳೆದ ನಮ್ಮ ಎಂಎಸ್‌ಸಿ ಹುಡುಗನದು. ಮೂರನೆಯದು ನನ್ನ ಪಿಎಚ್‌ಡಿ ಗೈಡ್‌ದು. ನಾಲ್ಕನೆಯವರು ಆಗ ನಮ್ಮ ವಿಭಾಗದಲ್ಲಿದ್ದ ಹಿರಿಯರು. ಅವರ ಹೆಸರು ಯಾಕಿತ್ತು ಅಂತ ಮುಂದೆ ಹೇಳುತ್ತೇನೆ. ಹೇಳೋಕೆ ನಾಚಿಕೆ ಆಗುತ್ತೆ, ಆದರೂ ಹೇಳುತ್ತೇನೆ.

2024ರ ಜುಲೈನಲ್ಲಿ ಒಂದು ಫೋನ್ ಬಂತು. ಬೇರೆ ಊರಿನ ಎಂಎಸ್‌ಸಿ ಹುಡುಗಿ.

"ಮೇಡಂ, ತಪ್ಪು ತಿಳ್ಕೋಬೇಡಿ, ಒಂದು ಡೌಟು. ನಿಮ್ಮ ಟೇಬಲ್‌ನಲ್ಲಿ 17ನೇ ಬೋರ್‌ವೆಲ್ 2.2 ಇದೆ. ನಾವು ಮಾಡಿದ್ರೆ 1.1 ಬರ್ತಿದೆ. 23ನೆಯದು 3.0, ನಮಗೆ 1.5. ನಾವೇನಾದ್ರೂ ತಪ್ಪು ಮಾಡ್ತಿದೀವಾ?"

ಹೆಚ್ಚು ಕಡಿಮೆ ಅಲ್ಲ. ಸರಿಯಾಗಿ ಅರ್ಧ. ಕೆಮಿಸ್ಟ್ರಿ ಓದಿದವರಿಗೆ ಗೊತ್ತಿರುತ್ತೆ, ಉತ್ತರ ಸರಿಯಾಗಿ ಅರ್ಧ ಬಂದರೆ ತಪ್ಪು ನೀರಿನಲ್ಲಿರಲ್ಲ, ಲೆಕ್ಕದಲ್ಲಿರುತ್ತೆ.

ಅವತ್ತು ರಾತ್ರಿ ಬೀರುವಿನ ಮೇಲಿಂದ ಹಳೇ ಲ್ಯಾಬ್ ನೋಟ್‌ಬುಕ್ ಇಳಿಸಿದೆ. ಹುಡುಗನ ಗುಂಡು ಅಕ್ಷರ. ಪ್ರತಿ ಪುಟದ ಮೂಲೆಯಲ್ಲೂ "ಟಿಸಾಬ್ 1:1" ಅಂತ ಬರೆದಿದ್ದ. ಫ್ಲೋರೈಡ್ ಎಲೆಕ್ಟ್ರೋಡ್‌ನಲ್ಲಿ ಅಳೆಯುವಾಗ ನೀರಿಗೆ ಸಮಪ್ರಮಾಣದಲ್ಲಿ ಟಿಸಾಬ್ ಅನ್ನುವ ದ್ರಾವಣ ಬೆರೆಸುತ್ತೇವೆ. ಹೋಲಿಸೋಕೆ ಇಟ್ಟುಕೊಂಡ, ಫ್ಲೋರೈಡ್ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ಸ್ಟ್ಯಾಂಡರ್ಡ್ ದ್ರಾವಣಕ್ಕೂ ಅಷ್ಟೇ ಬೆರೆಸಿರುತ್ತೇವೆ. ಎರಡೂ ಕಡೆ ಒಂದೇ ಥರ ತೆಳುವಾಗಿರುವುದರಿಂದ ಮೀಟರ್ ತೋರಿಸಿದ್ದೇ ಉತ್ತರ. ತೂಕದ ಕಲ್ಲನ್ನೂ ಸಾಮಾನನ್ನೂ ಒಂದೇ ಥರದ ಚೀಲದಲ್ಲಿಟ್ಟು ತೂಗಿದ ಮೇಲೆ ಚೀಲದ ಭಾರ ಬೇರೆ ಲೆಕ್ಕ ಹಿಡಿಯಬೇಕಿಲ್ಲ, ಅಲ್ವಾ? ನಾನು ಹಿಡಿದಿದ್ದೆ. ಎಕ್ಸೆಲ್ ಶೀಟಿನ ಒಂದು ಕಾಲಂ ಪೂರ್ತಿ "ಗುಣಿಸು 2" ಅಂತಿತ್ತು. 1:1 ಕಂಡ ತಕ್ಷಣ ನೀರನ್ನು ದುರ್ಬಲಗೊಳಿಸಿದ್ದಾನೆ ಅಂದುಕೊಂಡು ಎರಡರಿಂದ ಗುಣಿಸಿಬಿಟ್ಟಿದ್ದೆ. ಹುಡುಗನ ತಪ್ಪು ಒಂದೂ ಇಲ್ಲ.

ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500. ಅದರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರ ತನಕ ಒಪ್ಪಬಹುದು. ನನ್ನ ಪೇಪರ್ 48ರಲ್ಲಿ 31 ಬೋರ್‌ವೆಲ್ ಈ ಮಿತಿ ದಾಟಿವೆ ಅಂದಿತ್ತು. ಸರಿ ಲೆಕ್ಕ ಹಾಕಿದರೆ ಒಂಬತ್ತು. ಪೇಪರಿನ ಹೆಸರಲ್ಲೇ "ಆತಂಕಕಾರಿ" ಅನ್ನುವ ಪದ ಇತ್ತು. ಬೆಳಗಿನ ಜಾವ ಮೂರು ಗಂಟೆಗೆ ಅದನ್ನು ಓದುತ್ತಾ ಕೂತರೆ ಹೊಟ್ಟೆ ತೊಳಸಿದ ಹಾಗಾಗುತ್ತೆ.

ಇಬ್ಬರು ಪರಿಶೀಲಕರು ನೋಡಿ ಒಪ್ಪಿದ್ದ ಪೇಪರ್ ಅದು. ಅವರನ್ನು ದೂರುವ ಹಾಗಿಲ್ಲ. ಅವರಿಗೆ ಹೋದದ್ದು ಕೊನೆಯ ಟೇಬಲ್, ನೋಟ್‌ಬುಕ್ ಅಲ್ಲ. "ಪೀರ್ ರಿವ್ಯೂ ಆಗಿದೆ" ಅಂದರೆ ಲೆಕ್ಕ ಯಾರೋ ಮತ್ತೆ ಹಾಕಿ ನೋಡಿದ್ದಾರೆ ಅಂತ ನಾವೆಲ್ಲ ನೆಮ್ಮದಿಯಾಗಿರುತ್ತೇವೆ. ಯಾರೂ ಹಾಕಿರಲ್ಲ.

ಮೊದಲು ಗೈಡ್‌ಗೆ ಫೋನ್ ಮಾಡಿದೆ. "ಯಾರೂ ಕೇಳಿಲ್ಲವಲ್ಲಮ್ಮಾ. ನೀನೇ ಹೋಗಿ ಹೇಳ್ತೀಯಾ?" ಅಂದರು. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. "ಬರಿ. ನಂದೊಂದು ಸಹಿ ಇರುತ್ತೆ." ಆ ಎರಡು ದಿನ ಅವರು ಏನು ಯೋಚಿಸಿದರೋ, ನಾನು ಕೇಳಲಿಲ್ಲ.

ನನ್ನ ಭಯಕ್ಕೂ ಕಾರಣ ಇತ್ತು. ರಿಟ್ರ್ಯಾಕ್ಷನ್ ಅಂದರೆ ಈಗ ಜನ ಮೂಗು ಮುಚ್ಚಿಕೊಳ್ಳುತ್ತಾರೆ. 2023 ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 10,000ಕ್ಕೂ ಜಾಸ್ತಿ ಪೇಪರ್ ವಾಪಸಾದವು. ಅದರಲ್ಲಿ 8,000ಕ್ಕೂ ಹೆಚ್ಚು ಹಿಂದಾವಿ ಅನ್ನುವ ಒಂದೇ ಪ್ರಕಾಶನದವು. ದುಡ್ಡಿಗೆ ಪೇಪರ್ ತಯಾರಿಸಿ ಮಾರುವವರ ಕೈವಾಡ ಅದರಲ್ಲಿ ದೊಡ್ಡದು. ಆ ಗುಂಪಿನಲ್ಲಿ ನಾನೂ ನಿಲ್ಲಬೇಕಾ ಅಂತ ಅಳು ಬರುತ್ತಿತ್ತು. ಆಗ ಧೈರ್ಯ ಕೊಟ್ಟದ್ದು ಫ್ರಾನ್ಸಿಸ್ ಆರ್ನಾಲ್ಡ್ ವಿಷಯ. 2018ರಲ್ಲಿ ಕೆಮಿಸ್ಟ್ರಿ ನೊಬೆಲ್ ಪಡೆದವರು. 2020ರ ಜನವರಿಯಲ್ಲಿ, ಹಿಂದಿನ ವರ್ಷ ತಾವೇ ಬರೆದ ಪೇಪರ್ ವಾಪಸ್ ತಗೊಂಡು, ಪ್ರಯೋಗ ಮತ್ತೆ ಮಾಡಿದರೆ ಬರುತ್ತಿಲ್ಲ ಅಂತ ಟ್ವಿಟರ್‌ನಲ್ಲೇ ಹೇಳಿಕೊಂಡರು. ಅವರಿಗೆ ಆಗುತ್ತೆ ಅಂದರೆ ನನಗೂ ಆಗುತ್ತೆ ಅಂದುಕೊಂಡೆ. ಆಮೇಲೆ ಹೊಳೆಯಿತು, ಅವರಿಗೆ ನೊಬೆಲ್ ಇದೆ, ನನಗೆ ಪ್ರಮೋಷನ್ ಫೈಲ್ ಬಾಕಿ ಇದೆ.

ಆಗಸ್ಟ್ ಮೊದಲ ವಾರ, ಪೇಪರ್ ಅಚ್ಚಾಗಿದ್ದ ಜರ್ನಲ್‌ನ ಎಡಿಟರ್‌ಗೆ ಮೇಲ್ ಬರೆದೆ. ಎರಡು ಪುಟ, ಬರೀ ಕ್ಷಮೆ. ಕಳಿಸಿದ ಮೇಲೆ ಓದಿದರೆ ತಪ್ಪು ಏನು ಅನ್ನೋದೇ ಅದರಲ್ಲಿ ಸರಿಯಾಗಿ ಇರಲಿಲ್ಲ. ಮಾರನೇ ದಿನ ಇನ್ನೊಂದು ಕಳಿಸಿದೆ. ಇದನ್ನು ಮಾಡಬೇಕಾಗಿ ಬಂದವರು ಈ ಎರಡನೇ ಮೇಲ್ ಥರ ಬರೆಯಿರಿ: ಪೇಪರಿನ ಹೆಸರು, ಡಿಒಐ ನಂಬರ್ (ಪ್ರತಿ ಪೇಪರಿಗೂ ಇರುವ ಗುರುತಿನ ಸಂಖ್ಯೆ), ಯಾವ ಟೇಬಲ್‌ನಲ್ಲಿ ಏನು ತಪ್ಪು, ಹೇಗೆ ಗೊತ್ತಾಯಿತು, ಸರಿ ಮಾಡಿದರೆ ತೀರ್ಮಾನ ನಿಲ್ಲುತ್ತಾ ಬೀಳುತ್ತಾ, ನಿಮಗೆ ಏನು ಬೇಕು. ಜೊತೆಗೆ ಮೂಲ ಲೆಕ್ಕದ ಶೀಟು, ಸರಿಪಡಿಸಿದ ಶೀಟು, ನೋಟ್‌ಬುಕ್ ಪುಟಗಳ ಫೋಟೊ. ಅಳು ಬೇಡ. ಅಳು ಓದೋಕೆ ಅಲ್ಲಿ ಯಾರಿಗೂ ಪುರುಸೊತ್ತಿಲ್ಲ.

"ನಿಮ್ಮ ಮೇಲ್ ತಲುಪಿದೆ" ಅನ್ನುವ ಯಂತ್ರದ ಉತ್ತರ ಬಂತು. ಆಮೇಲೆ ಏನೂ ಇಲ್ಲ. ಒಂಬತ್ತು ವಾರ. ಮೂರು ಸಲ ನೆನಪಿಸಿದೆ. ಕೊನೆಗೆ ಗೊತ್ತಾಯಿತು, ಜರ್ನಲ್‌ನ ವೆಬ್‌ಸೈಟ್‌ನಲ್ಲಿ ಹೆಸರಿದ್ದ ಎಡಿಟರ್ ನಿವೃತ್ತರಾಗಿ ವರ್ಷವಾಗಿತ್ತು. ಮೇಲ್‌ಗಳೆಲ್ಲ ತೆರೆಯದ ಪೆಟ್ಟಿಗೆಗೆ ಹೋಗಿ ಬೀಳುತ್ತಿದ್ದವು.

ಇಲ್ಲಿ ಕೋಪ್ ವಿಷಯ ಹೇಳಬೇಕು. ಹೆಸರು ಕೇಳಿದರೆ ನಮಗೆ ಸಿಟ್ಟು ಅನ್ನಿಸುತ್ತೆ, ಅದು ಪ್ರಕಟಣೆಯ ನೀತಿ ನೋಡಿಕೊಳ್ಳುವ ಸಮಿತಿ. 1997ರಲ್ಲಿ ಬ್ರಿಟನ್‌ನ ಕೆಲವು ವೈದ್ಯಕೀಯ ಪತ್ರಿಕೆಗಳ ಎಡಿಟರ್‌ಗಳು ಸೇರಿ ಶುರು ಮಾಡಿದ್ದು. ಈಗ ಅದರ ಸದಸ್ಯರಲ್ಲಿ ಎಲ್ಲ ವಿಷಯಗಳ ಜರ್ನಲ್‌ಗಳೂ ಇವೆ. ಕದ್ದ ಪೇಪರ್ ಬಂದರೆ ಎಡಿಟರ್ ಏನು ಮಾಡಬೇಕು, ಲೇಖಕರೇ ತಪ್ಪು ಒಪ್ಪಿಕೊಂಡರೆ ಏನು ಮಾಡಬೇಕು ಅಂತ ಅವರ ಸೂಚನೆಗಳು, ಚಾರ್ಟುಗಳು ಇವೆ. ಬಿಟ್ಟಿಯಾಗೇ ಓದಬಹುದು. ಅದರಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಮಾತು: ರಿಟ್ರ್ಯಾಕ್ಷನ್ ಇರೋದು ದಾಖಲೆ ತಿದ್ದೋಕೆ, ಲೇಖಕರಿಗೆ ಶಿಕ್ಷೆ ಕೊಡೋಕಲ್ಲ. ಅದನ್ನು ಬರೆದು ಅಡುಗೆಮನೆ ಕ್ಯಾಲೆಂಡರ್‌ಗೆ ಪಿನ್ ಮಾಡಿದ್ದೆ. "ಏನೇ ಇದು, ಮಂತ್ರನಾ?" ಅಂತ ಅಮ್ಮ ಕೇಳಿದಳು.

ಆದರೆ ಒಂದು ತಿಳಿದಿರಲಿ. ಕೋಪ್ ನ್ಯಾಯಾಲಯ ಅಲ್ಲ. ನಿಮ್ಮ ಪೇಪರ್ ಸರಿಯೋ ತಪ್ಪೋ ಅಂತ ಅವರು ನೋಡಲ್ಲ. ಜರ್ನಲ್ ಅವರ ಸದಸ್ಯ ಆಗಿದ್ದರೆ, ಸರಿಯಾದ ದಾರಿಯಲ್ಲಿ ನಡೆಯಿತಾ ಅಂತ ಮಾತ್ರ ನೋಡುತ್ತಾರೆ. ಅದೂ ನೀವು ಮೊದಲು ಜರ್ನಲ್‌ಗೆ, ಆಮೇಲೆ ಪ್ರಕಾಶಕರಿಗೆ ದೂರು ಕೊಟ್ಟು ಮುಗಿದ ಮೇಲೆ. ಜರ್ನಲ್‌ನ ಪುಟದಲ್ಲಿ ಕೋಪ್ ಚಿಹ್ನೆ ಹಾಕಿಕೊಂಡಿದ್ದರೆ ಸುಮ್ನೆ ನಂಬಬೇಡಿ, ಕೋಪ್‌ನ ಪಟ್ಟಿಯಲ್ಲೇ ಹೆಸರು ಹುಡುಕಿ. ನಮ್ಮ ಜರ್ನಲ್ ಹೆಸರು ಇತ್ತು, ಪುಣ್ಯಕ್ಕೆ.

ಅಕ್ಟೋಬರ್‌ನಲ್ಲಿ ಪ್ರಕಾಶಕರ ಕಚೇರಿಗೆ ಬರೆದೆ. ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ಉತ್ತರ ಬಾರದಿದ್ದರೆ ಕೋಪ್‌ಗೆ ತಿಳಿಸಬೇಕಾಗುತ್ತದೆ. ಒಂಬತ್ತು ವಾರ ಬಾರದ ಉತ್ತರ ನಾಲ್ಕೇ ದಿನಕ್ಕೆ ಬಂತು. ಬರೆದವರು ಕಚೇರಿ ಸಹಾಯಕರು. "ತೊಂದರೆ ಇಲ್ಲ, ಪೇಪರನ್ನು ವೆಬ್‌ಸೈಟ್‌ನಿಂದ ತೆಗೆದುಬಿಡ್ತೀವಿ."

ಒಂದು ಕ್ಷಣ ಆಸೆ ಆಯಿತು, ಸುಳ್ಳು ಹೇಳಲ್ಲ. ಯಾರಿಗೂ ಗೊತ್ತಾಗದೆ ಮಾಯ. ಪ್ರಿನ್ಸಿಪಾಲರಿಗೂ ಹೇಳಬೇಕಿಲ್ಲ. ಆದರೆ ಅದು ತಪ್ಪು ದಾರಿ. ಆಗಲೇ ಡೌನ್‌ಲೋಡ್ ಮಾಡಿಕೊಂಡವರ ಹತ್ತಿರ ತಪ್ಪು ಟೇಬಲ್ ಹಾಗೇ ಉಳಿಯುತ್ತೆ. ಯಾಕೆ ಹೋಯಿತು ಅಂತ ಯಾರಿಗೂ ತಿಳಿಯಲ್ಲ. ಕಾನೂನಿನ ತೊಡಕು, ಜನರ ಜೀವಕ್ಕೆ ಅಪಾಯ ಥರದ ಅಪರೂಪದ ಕಾರಣ ಬಿಟ್ಟರೆ ಪೇಪರ್ ಅಲ್ಲೇ ಇರಬೇಕು, ಅದರ ಮೇಲೆ ಗುರುತು ಬೀಳಬೇಕು, ಜೊತೆಗೆ ಎಲ್ಲರೂ ದುಡ್ಡು ಕೊಡದೆ ಓದಬಹುದಾದ ಒಂದು ನೋಟಿಸ್ ಇರಬೇಕು. ಅದನ್ನೇ ಬರೆದೆ. ನವೆಂಬರ್‌ನಲ್ಲಿ ಹೊಸ ಎಡಿಟರ್ ತಾವೇ ಉತ್ತರಿಸಿದರು. ಅಲ್ಲಿಂದ ಮುಂದೆ ನಡೆದದ್ದೆಲ್ಲ ಕ್ರಮವಾಗಿ ನಡೆಯಿತು. ನಿಧಾನವಾಗಿ, ಆದರೆ ಕ್ರಮವಾಗಿ.

ಅವರು ಕೇಳಿದ್ದು ನಾಲ್ಕು: ಕ್ಯಾಲಿಬ್ರೇಷನ್ ಪುಟ (ಸ್ಟ್ಯಾಂಡರ್ಡ್ ದ್ರಾವಣದಿಂದ ಮೀಟರ್ ಹೊಂದಿಸಿದ ದಾಖಲೆ), ಸ್ಯಾಂಪಲ್ ತೆಗೆದ ದಿನಾಂಕಗಳು, ಕೆಲವು ಬೋರ್‌ವೆಲ್‌ಗಳ ಮರುಪರೀಕ್ಷೆ, ಎಲ್ಲ ಲೇಖಕರ ಸಹಿ. ಮೊದಲೆರಡು ಇದ್ದವು. ಮರುಪರೀಕ್ಷೆಗೆ ಡಿಸೆಂಬರ್ ರಜೆಯಲ್ಲಿ 12 ಬಾಟಲಿ ಹಿಡಿದು ಬಸ್ಸು, ಆಟೋ ಹತ್ತಿ ಊರೂರು ತಿರುಗಿದೆ. ಫ್ಲೋರೈಡ್‌ಗೆ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು, ಗಾಜು ಬೇಡ. ಹೊರಗಿನ ಲ್ಯಾಬ್‌ನಲ್ಲಿ ಮಾಡಿಸಿದ್ದಕ್ಕೆ 4,800 ರೂಪಾಯಿ, ಓಡಾಟಕ್ಕೆ 1,600. ಪ್ರಕಟಣೆಗೆ ಅಂತ 2022ರಲ್ಲಿ ಕಟ್ಟಿದ 9,000 ವಾಪಸ್ ಬರಲ್ಲ, ಕೇಳಲೂ ಇಲ್ಲ.

ನಿಜವಾದ ಗಂಟು ಸಹಿಯಲ್ಲಿತ್ತು. ಹುಡುಗ ಈಗ ಹೈದರಾಬಾದಿನಲ್ಲಿ ಔಷಧ ಕಂಪನಿಯಲ್ಲಿದ್ದಾನೆ. ಫೋನಿನಲ್ಲಿ ಅವನ ಮೊದಲ ಪ್ರಶ್ನೆ, "ಮೇಡಂ, ನನ್ನ ಕೆಲಸಕ್ಕೆ ಏನಾದ್ರೂ?" ನೋಟಿಸ್‌ನಲ್ಲಿ ಅಳತೆ ಸರಿ ಇತ್ತು, ಲೆಕ್ಕದ ತಪ್ಪು ನನ್ನದು ಅಂತ ಸ್ಪಷ್ಟವಾಗಿ ಬರೆಸುತ್ತೇನೆ ಅಂದೆ. ಅರ್ಧ ಗಂಟೆಯಲ್ಲಿ ಸಹಿ ಹಾಕಿ ಕಳಿಸಿದ.

ನಾಲ್ಕನೆಯವರು? ಆ ಹಿರಿಯರು ಒಂದು ಬಾಟಲಿ ನೀರೂ ಮುಟ್ಟಿರಲಿಲ್ಲ. "ನಮ್ಮ ಹೆಸರೂ ಒಂದಿರಲಿ" ಅಂದಿದ್ದರು, ಹಾಕಿದೆ. ಹಾಕದೆ ಅಲ್ಲಿ ಬಾಳೋದು ಕಷ್ಟ ಇತ್ತು. ಈಗ ಸಹಿ ಕೇಳಿದರೆ, "ನನಗೇನಮ್ಮಾ ಗೊತ್ತು ಅದರ ಬಗ್ಗೆ? ನನ್ನ ಹೆಸರು ತೆಗೆದುಬಿಡು" ಅಂದರು. ಊಟಕ್ಕೆ ಮಾತ್ರ ಪಾಲುದಾರರು, ಎಲೆ ಎತ್ತೋಕೆ ನಾನು.

ಲೇಖಕ ಅನ್ನಿಸಿಕೊಳ್ಳೋಕೆ ವೈದ್ಯಕೀಯ ಜರ್ನಲ್ ಎಡಿಟರ್‌ಗಳ ಅಂತರರಾಷ್ಟ್ರೀಯ ಸಮಿತಿ ನಾಲ್ಕು ಷರತ್ತು ಇಟ್ಟಿದೆ. ಬೇರೆ ವಿಷಯದ ಎಷ್ಟೋ ಜರ್ನಲ್‌ಗಳೂ ಇದನ್ನೇ ಪಾಲಿಸುತ್ತವೆ. ಕೆಲಸದಲ್ಲಿ ನಿಜವಾದ ಪಾಲು ಇರಬೇಕು, ಬರವಣಿಗೆಯಲ್ಲಿ ಕೈ ಇರಬೇಕು, ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು, ನಾಳೆ ಪ್ರಶ್ನೆ ಬಂದರೆ ಹೊಣೆ ಹೊರಬೇಕು. ನಾಲ್ಕೂ ಇರಬೇಕು, ಒಂದೆರಡು ಸಾಲದು. 2022ರಲ್ಲಿ "ಎಲ್ಲ ಲೇಖಕರೂ ಕೆಲಸ ಮಾಡಿದ್ದಾರೆ" ಅನ್ನುವ ಫಾರಂಗೆ ನಾನೇ ಸಹಿ ಹಾಕಿದ್ದೆ. ಲೆಕ್ಕದ ತಪ್ಪು ಗೊತ್ತಿಲ್ಲದೆ ಆದದ್ದು. ಇದು ಗೊತ್ತಿದ್ದೇ ಮಾಡಿದ್ದು. ಎಡಿಟರ್‌ಗೆ ಇದ್ದದ್ದು ಇದ್ದ ಹಾಗೆ ಬರೆದೆ. ಆ ಮೇಲ್ ಕಳಿಸುವ ಬಟನ್ ಒತ್ತೋಕೆ ಇಡೀ ಭಾನುವಾರ ಹಿಡಿಯಿತು.

ಎಡಿಟರ್ ಉತ್ತರ ಚಿಕ್ಕದಾಗಿತ್ತು. ಒಬ್ಬರು ಒಪ್ಪದಿದ್ದರೂ ರಿಟ್ರ್ಯಾಕ್ಷನ್ ನಿಲ್ಲಲ್ಲ, ತೀರ್ಮಾನ ಎಡಿಟರ್‌ದು. ಈಗ ಹೆಸರು ತೆಗೆಯೋಕಾಗಲ್ಲ, ಬಂದ ಹೆಸರುಗಳೆಲ್ಲ ದಾಖಲೆಯಲ್ಲಿ ಉಳಿಯುತ್ತವೆ. ಯಾರು ಲೇಖಕರು ಅನ್ನುವ ವಿವಾದವನ್ನು ಜರ್ನಲ್ ಕೂತು ತೀರ್ಮಾನಿಸಲ್ಲ, ಅದನ್ನು ಸಂಸ್ಥೆ ವಿಚಾರಿಸಬೇಕು. ಆದ್ದರಿಂದ ಕಾಲೇಜಿಗೆ ಬರೆಯುತ್ತೇನೆ ಅಂದಿದ್ದರು.

ಕಾಲೇಜಿಗೆ ಪತ್ರ ಬಂದದ್ದು 2025ರ ಫೆಬ್ರವರಿಯಲ್ಲಿ. ಅದೇ ತಿಂಗಳು ಯುಜಿಸಿ ತಾನು ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿಯನ್ನೇ ಕೈಬಿಟ್ಟಿತು, ಒಳ್ಳೇ ಜರ್ನಲ್ ಯಾವುದು ಅಂತ ಸಂಸ್ಥೆಗಳೇ ನೋಡಿಕೊಳ್ಳಲಿ ಅಂದಿತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಅದೇ ಚಿಂತೆ, ಹಾಗಾಗಿ ನನ್ನ ಸುದ್ದಿ ಒಂದು ವಾರ ಬದುಕಿತು, ಅಷ್ಟೇ. ಪ್ರಿನ್ಸಿಪಾಲರು ಯುಜಿಸಿಯ 2018ರ ನಿಯಮ ತೆಗೆದು ಮೇಜಿನ ಮೇಲಿಟ್ಟರು. ಅದು ಕೃತಿಚೌರ್ಯದ ನಿಯಮ ಸರ್, ಶೇ 10ರ ತನಕ ಹೋಲಿಕೆ ಇದ್ದರೆ ದಂಡ ಇಲ್ಲ, ಶೇ 60 ದಾಟಿದರೆ ದೊಡ್ಡ ದಂಡ, ನಾನು ಯಾರದ್ದೂ ಕದ್ದಿಲ್ಲ, ಲೆಕ್ಕ ತಪ್ಪಿದೆ ಅಂದೆ. ಅವರು ಮೂರು ಸಲ ಓದಿ, "ಹೌದಲ್ಲ, ಇದರಲ್ಲಿ ನೀವು ಬರೋದೇ ಇಲ್ಲ" ಅಂದರು. ಕ್ಲರ್ಕ್ ಮಾತ್ರ ಪಿಸುಗುಟ್ಟಿದರು, "ಮೇಡಂ, ಅಂದ್ರೆ ಡಿಬಾರಾ?"

ಹಿರಿಯರ ವಿಷಯಕ್ಕೆ ಇಬ್ಬರ ಸಮಿತಿ ಆಯಿತು. ನಮ್ಮಿಬ್ಬರಿಂದಲೂ ಹೇಳಿಕೆ ಬರೆಸಿಕೊಂಡರು. ಇನ್ನು ಮುಂದೆ ಯಾರು ಏನು ಕೆಲಸ ಮಾಡಿದರು ಅಂತ ಪೇಪರ್ ಕಳಿಸುವ ಮೊದಲೇ ಬರೆದುಕೊಡಬೇಕು ಅಂತ ಸುತ್ತೋಲೆ ಬಂತು. ಆ ಹಿರಿಯರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಪ್ರಮೋಷನ್ ಫೈಲಿನಿಂದ ಈ ಪೇಪರಿನ ಅಂಕ ತೆಗೆಯಿರಿ ಅಂತ ನಾನೇ ಅರ್ಜಿ ಕೊಟ್ಟೆ. ಫಾರಂನಲ್ಲಿ ಪೇಪರ್ ಸೇರಿಸೋಕೆ ಕಾಲಂ ಇದೆ, ತೆಗೆಯೋಕೆ ಇಲ್ಲ. ಕೊನೆಗೆ "ಷರಾ" ಅನ್ನುವಲ್ಲಿ ಪೆನ್ನಿನಲ್ಲಿ ಬರೆದರು.

ಏಪ್ರಿಲ್‌ನಲ್ಲಿ ಎಡಿಟರ್ ತೀರ್ಮಾನ ಹೇಳಿದರು. ನಮ್ಮ ಶೀಟುಗಳನ್ನು ಹೊರಗಿನ ಒಬ್ಬರಿಗೆ ಕೊಟ್ಟು ನೋಡಿಸಿದ್ದರು. ಚಿಕ್ಕ ತಪ್ಪಾಗಿ ತೀರ್ಮಾನ ನಿಲ್ಲುವ ಹಾಗಿದ್ದರೆ ತಿದ್ದುಪಡಿ ಸಾಕಿತ್ತು. ಇಲ್ಲಿ ಮುಖ್ಯ ಮಾತೇ ಬಿದ್ದು ಹೋಗಿದೆ, ಆದ್ದರಿಂದ ರಿಟ್ರ್ಯಾಕ್ಷನ್. ಸರಿ ಲೆಕ್ಕದ ಪೇಪರನ್ನು ಹೊಸದಾಗಿ ಕಳಿಸಬಹುದು, ಮತ್ತೆ ಪರಿಶೀಲನೆ ಆಗುತ್ತೆ.

ಇನ್ನೇನು ಮುಗಿಯಿತು ಅಂದುಕೊಂಡರೆ ನೋಟಿಸ್‌ನ ಭಾಷೆಗೆ ಮೂರು ತಿಂಗಳು. ಮೊದಲ ಕರಡಿನಲ್ಲಿ "ಲೇಖಕರ ಕೋರಿಕೆಯಂತೆ ಹಿಂಪಡೆಯಲಾಗಿದೆ" ಅಂತಿತ್ತು, ಕಾರಣ ಇಲ್ಲ. ಕಾರಣ ಇಲ್ಲದ ನೋಟಿಸ್ ಓದಿದವರು ಕೆಟ್ಟದ್ದನ್ನೇ ಊಹಿಸುತ್ತಾರೆ. ನಾನೂ ಹಾಗೇ ಊಹಿಸುತ್ತಿದ್ದೆ. ಎರಡನೆಯದರಲ್ಲಿ "ದತ್ತಾಂಶದ ದೋಷ" ಅಂತ ಬಂತು. ಅಲ್ಲ, ದತ್ತಾಂಶ ಸರಿ ಇದೆ, ಹುಡುಗನಿಗೆ ಮಾತು ಕೊಟ್ಟಿದ್ದೇನೆ ಅಂತ ಮತ್ತೆ ಬರೆದೆ. ಮೂರನೆಯದರಲ್ಲಿ ಎಲ್ಲ ಸರಿಯಾಗಿ ಬಂತು: ಗುಣಾಕಾರದ ತಪ್ಪು, ಮಾಡಿದ್ದು ಮೊದಲ ಲೇಖಕಿ, ತಿಳಿಸಿದ್ದೂ ಅವರೇ, ಮೂವರು ಒಪ್ಪಿದ್ದಾರೆ, ಒಬ್ಬರು ಸಹಿ ಹಾಕಿಲ್ಲ. ಕರಡು ಬಂದಾಗ ದಣಿದು "ಸರಿ" ಅಂದುಬಿಡಬೇಡಿ. ನಿಮ್ಮ ಹೆಸರಿನ ಜೊತೆ ಕೊನೆ ತನಕ ಇರುವ ಸಾಲುಗಳು ಅವು.

2025ರ ಆಗಸ್ಟ್‌ನಲ್ಲಿ ಅಚ್ಚಾಯಿತು. ನೋಟಿಸ್‌ಗೆ ಬೇರೆ ಡಿಒಐ, ಹಳೇ ಪೇಪರಿಗೆ ಹಳೇ ಡಿಒಐ, ಎರಡಕ್ಕೂ ಕೊಂಡಿ. ನನ್ನ ಪ್ರೊಫೈಲ್‌ಗಳಲ್ಲಿದ್ದ ಹಳೇ ಪಿಡಿಎಫ್‌ಗಳನ್ನು ನಾನೇ ತೆಗೆದೆ, ಜರ್ನಲ್ ಅದನ್ನು ಮಾಡಲ್ಲ. ಪೇಪರನ್ನು ಉಲ್ಲೇಖಿಸಿದ್ದ ಇಬ್ಬರಿಗೆ ಬರೆದೆ. ಒಬ್ಬರು ಥ್ಯಾಂಕ್ಸ್ ಅಂದರು, ಇನ್ನೊಬ್ಬರದು ಸುದ್ದಿಯಿಲ್ಲ. ಫೋನ್ ಮಾಡಿದ್ದ ಹುಡುಗಿಗೆ ನೋಟಿಸ್ ಕಳಿಸಿದೆ. "ಅಯ್ಯೋ ಮೇಡಂ, ನನ್ನಿಂದ ಇಷ್ಟೆಲ್ಲ ಆಯ್ತಾ" ಅಂತ ಒಂದು, ಐದು ನಿಮಿಷ ಬಿಟ್ಟು "ನನ್ನ ಥೀಸಿಸ್‌ನಲ್ಲಿ ಇದನ್ನ ಸೈಟ್ ಮಾಡಬಹುದಾ?" ಅಂತ ಇನ್ನೊಂದು ಮೆಸೇಜು.

ಒಂದು ಕೆಲಸ ಉಳಿದಿತ್ತು. 2022ರಲ್ಲಿ ನನ್ನ ಟೇಬಲ್ ನೋಡಿ ಒಂದು ಗ್ರಾಮ ಪಂಚಾಯಿತಿಯವರು 17ನೇ ಬೋರ್‌ವೆಲ್‌ನ ಹ್ಯಾಂಡ್‌ಪಂಪಿಗೆ ಕೆಂಪು ಬಣ್ಣ ಬಳಿದಿದ್ದರು. ಮೂರು ವರ್ಷದಿಂದ ಆ ಕೇರಿಯವರು ಐದು ರೂಪಾಯಿ ನಾಣ್ಯ ಹಾಕಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ಹೊರುತ್ತಿದ್ದರು. ಶನಿವಾರ ಹೊಸ ರಿಪೋರ್ಟ್ ಹಿಡಿದು ಪಿಡಿಒ ಹತ್ತಿರ ಹೋದೆ. 1.1 ಸರ್, ಒಂದಕ್ಕಿಂತ ಚೂರು ಜಾಸ್ತಿ, ಆದರೆ ನಾನು ಆಗ ಹೇಳಿದಷ್ಟಿಲ್ಲ, ಕುಡಿಯೋಕೂ ಅಡುಗೆಗೂ ಘಟಕದ ನೀರೇ ಇರಲಿ, ಘಟಕ ಕೆಟ್ಟ ದಿನ ಇದಕ್ಕೆ ಹೆದರಬೇಕಿಲ್ಲ ಅಂದೆ. ಅವರು ರಿಪೋರ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಬಣ್ಣ ಹೊಡಿಯೋಕೆ ಬಿಲ್ ಹಾಕಿದ್ವಿ ಮೇಡಂ. ಕೆರೆಯೋಕೆ ಯಾವ ತಲೆಬರಹದಲ್ಲಿ ಹಾಕೋದು?"